ಕೈಮಾತಿನ ಕಾಗುಣಿತ

ಸೊಲ್ಲಾಪುರ
18 ಜೂನ್ 1974

ವೈನಿ,

ವಾಗದರಿಯಿಂದ ಬಂದಾಗಿನಿಂದ ನನ್ನ ಕಣ್ಣ ಮುಂದೆ ದ್ರೌಪದಿಯೇ ಕೂತಿದ್ದಾಳೆ. ಎಳೆಗೂಸಾಗಿದ್ದಾಗ ಜ್ವರದಲ್ಲಿ ಕಿವಿ ಕಳೆದುಕೊಂಡವಳು, ಈಗ ಹತ್ತು ವರ್ಷದವಳು, ಇನ್ನೂ ಒಂದು ಮಾತಿಲ್ಲ. ಹಸಿವಾದರೆ ಹೊಟ್ಟೆ ತೋರಿಸುವುದು, ನೀರಡಿಸಿದರೆ ಕೊಡ ತೋರಿಸುವುದು. ನನ್ನ ಅಣ್ಣನ ಮಗಳು ಇಷ್ಟರಲ್ಲೇ ಬದುಕು ಮುಗಿಸಬೇಕೇ?

ನಾನು ಅವಳಿಗೊಂದು ಭಾಷೆ ಮಾಡಬೇಕೆಂದು ನಿಶ್ಚಯಿಸಿದ್ದೇನೆ.

ನಗಬೇಡಿರಿ. ನಮ್ಮ ಅಂಗಡಿಯ ಚಾದರಗಳಿಗೆ ನಕ್ಷೆ ಬರೆಯುವವಳು ನಾನೇ ಎಂದು ನಿಮಗೆ ಗೊತ್ತು. ಚೌಕಳಿ ಕಾಗದದ ಮೇಲೆ ನಾನು ತುಂಬಿದ ಮನೆಗಳನ್ನು ನೋಡಿ ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತಾರೆ. ಆ ತೂತುಗಳನ್ನು ಹಿಡಿದು ಮಗ್ಗ ನವಿಲು ನೇಯುತ್ತದೆ. ಮಗ್ಗಕ್ಕೆ ಕಿವಿ ಇಲ್ಲ, ಆದರೂ ನಾನು ಹೇಳಿದ್ದು ಅದಕ್ಕೆ ತಿಳಿಯುತ್ತದೆ. ಹಾಗಾದರೆ ದ್ರೌಪದಿಗೆ ಏಕೆ ತಿಳಿಯಬಾರದು?

ಎಮ್ಮೆ, ರೊಟ್ಟಿ, ಬಾವಿ, ಅಪ್ಪ, ಅವ್ವ, ಬಾ, ಹೋಗು, ಕೊಡು ಹೀಗೆ ಚಿತ್ರ ಬರೆದು ರಟ್ಟಿಗೆ ಅಂಟಿಸಿ ಕಳಿಸಿದ್ದೇನೆ. ವಿಭಕ್ತಿಗಳಿಗೂ ಗುರುತು ಮಾಡಿದ್ದೇನೆ: ‘ಅನ್ನು’ ಎಂಬುದಕ್ಕೆ ಚುಕ್ಕೆ, ‘ಇಂದ’ ಎಂಬುದಕ್ಕೆ ಕೊಂಡಿ, ‘ಗೆ’ ಎಂಬುದಕ್ಕೆ ಬಾಣ. ಮೊದಲು ಮಾಡಿದವರು, ಆಮೇಲೆ ಏನನ್ನು ಎಂಬುದು, ಕೊನೆಗೆ ಕೆಲಸ. ಈ ಸಾಲು ತಪ್ಪಿಸಲು ಅವಳಿಗೆ ಬಿಡಬೇಡಿರಿ. ವ್ಯಾಕರಣ ಸಡಿಲಾದರೆ ಭಾಷೆ ನಿಲ್ಲುವುದಿಲ್ಲ.

ನಮ್ಮ ಮನೆಯವರು ಇದನ್ನೆಲ್ಲ ನೋಡಿ, “ನಕ್ಷಾ ಬರಿಯೂದು ಬಿಟ್ಟು ಪಂಡಿತಳಾಗಾಕತ್ತೀ ಏನ?” ಅಂದರು. ಕಾಗದ ಮಾತ್ರ ಕೈತುಂಬ ತಂದುಕೊಟ್ಟಿದ್ದಾರೆ.

ನಿಮ್ಮ ಸುಮಿತ್ರಾ


ವಾಗದರಿ
9 ಜುಲೈ 1974

ಸುಮಿತ್ರಾ,

ಚಿತ್ರದ ಗಂಟು ಮುಟ್ಟಿತು. ದ್ರೌಪದಿಗೆ ಎಮ್ಮೆಯ ಚಿತ್ರ ಬಹಳ ಸೇರಿದೆ. ಅದಕ್ಕೆ ಕೋಡು ಸಣ್ಣದಾಯಿತೆಂದು ಇದ್ದಿಲಿನಿಂದ ದೊಡ್ಡದು ಮಾಡಿಕೊಂಡಳು. ಚುಕ್ಕೆ, ಕೊಂಡಿ, ಬಾಣ ಮೂರನ್ನೂ ಬೇರೆ ತೆಗೆದು ಅಂಗಳದಲ್ಲಿ ಹಾಕಿ ಆಡುತ್ತಾಳೆ. ಸಾಲಾಗಿ ಇಡುವುದಕ್ಕೆ ಮನಸ್ಸು ಮಾಡುವುದಿಲ್ಲ. ಎಮ್ಮೆಯನ್ನು ಎಡಕ್ಕೆ ಇಡುತ್ತಾಳೆ, ಅಪ್ಪನನ್ನು ಬಲಕ್ಕೆ ಇಡುತ್ತಾಳೆ, ನಡುವೆ ಬೆರಳು ಎಳೆಯುತ್ತಾಳೆ.

ನಮಗೆ ಮನೆಯಲ್ಲಿ ಹೇಗೋ ನಡೆಯುತ್ತದೆ. ನೀನು ಅಷ್ಟು ತ್ರಾಸು ತೆಗೆದುಕೊಳ್ಳಬೇಡ.

ನಿನ್ನ ಅಣ್ಣ ಚಿತ್ರಗಳನ್ನು ನೋಡಿ, “ಇದನ್ನ ಓದಾವ್ರು ಯಾರು? ತಂಗಿ ಒಬ್ಬಾಕಿ, ಮಗಳು ಒಬ್ಬಾಕಿ” ಅಂದರು. ಬಿತ್ತನೆ ಮುಗಿಯಿತು.

ಕಲ್ಯಾಣಮ್ಮ


ಸೊಲ್ಲಾಪುರ
2 ಆಗಸ್ಟ್ 1974

ವೈನಿ,

ನೀವು ಬೇಸರ ಮಾಡಿಕೊಳ್ಳಬಾರದು. ಅವಳು ಸಾಲು ಹಿಡಿಯಲಿಲ್ಲವೆಂದು ಕೈಬಿಟ್ಟರೆ ಹೇಗೆ? ಗುರುತುಗಳು ಸೂಕ್ಷ್ಮವಾದವೋ ಏನೋ. ಬಣ್ಣ ಹಾಕಿ ಬೇರೆ ಕಳಿಸಿದ್ದೇನೆ. ಸಾಲು ತಪ್ಪಿದರೆ ಚಿತ್ರ ಕಸಿದುಕೊಳ್ಳಿರಿ, ಸರಿ ಇಟ್ಟರೆ ಬೆಲ್ಲ ಕೊಡಿರಿ.

ಇನ್ನೊಂದು ಮಾತು. ಇಲ್ಲಿ ಕಿವಿ ಕೇಳದ ಮಕ್ಕಳಿಗೆ ಒಂದು ಸಾಲೆ ಇದೆ. ಮರಾಠಿಯಲ್ಲಿ ಬಾಯಿ ಆಡಿಸಲು ಕಲಿಸುತ್ತಾರೆ. ದೀಪಾವಳಿ ಆದಮೇಲೆ ಸೇರಿಸಿಕೊಳ್ಳುತ್ತಾರಂತೆ. ನನ್ನ ಮನೆಯಲ್ಲೇ ಇರಲಿ. ನನಗೂ ಮನೆ ತುಂಬಿದಂತಾಗುತ್ತದೆ. ಅಣ್ಣನಿಗೆ ಹೇಳಿರಿ.

ಸುಮಿತ್ರಾ


ವಾಗದರಿ
30 ಆಗಸ್ಟ್ 1974

ಸುಮಿತ್ರಾ,

ನಿನ್ನ ಅಣ್ಣನ ಕಾಲು ಮುರಿದಿದೆ. ಗಾಬರಿಯಾಗಬೇಡ, ಅಕ್ಕಲಕೋಟೆಯಲ್ಲಿ ಪ್ಲಾಸ್ಟರ್ ಹಾಕಿಸಿ ಮನೆಗೆ ತಂದಿದ್ದೇವೆ.

ಅಂದು ಹೊಲದಲ್ಲಿ ಅವರ ಜೊತೆ ದ್ರೌಪದಿ ಒಬ್ಬಳೇ ಇದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಓಡಿಬಂದು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. ತಲೆಯ ಸುತ್ತ ಕೈ ತಿರುಗಿಸಿದಳು, ಅದು ರುಮಾಲು, ಅಂದರೆ ಅಪ್ಪ. ಅವರನ್ನು ಬಲಕ್ಕೆ ನಿಲ್ಲಿಸಿದಳು. ಎಡಕ್ಕೆ ಎತ್ತು. ಎತ್ತಿನಿಂದ ಅಪ್ಪನ ಕಡೆಗೆ ಮುಷ್ಟಿ ನೂಕಿದಳು. ಆಮೇಲೆ ಕಾಲು, ಕಟ್ಟಿಗೆ ಮುರಿದ ಹಾಗೆ. ನಾನು ಎದೆ ಹಿಡಿದುಕೊಂಡೆ. ಅವಳು ತಲೆ ಅಲ್ಲಾಡಿಸಿ, ಅಪ್ಪ ಕೂತಿದ್ದಾನೆ, ಬೈಯುತ್ತಿದ್ದಾನೆ ಎಂದು ಅವರ ಮುಖ ಮಾಡಿ ತೋರಿಸಿದಳು. ಜೀವಕ್ಕೆ ಭಯವಿಲ್ಲವೆಂದು ಅಷ್ಟರಲ್ಲೇ ತಿಳಿಯಿತು. ಅಳುತ್ತ ಕೂರದೆ ಪಕ್ಕದ ಹೊಲದ ಕಾಮಣ್ಣನ ಗಾಡಿ ಹೂಡಿಸಿದೆ.

ಅವಳಿಗೆ ಒಂದು ಮಾತಿಲ್ಲವೆಂದು ಬರೆದಿದ್ದೆಯಲ್ಲ. ಇದನ್ನು ನಿನಗೆ ಮೊದಲೇ ಹೇಳಬೇಕಿತ್ತು. ಕೈಯಾಡಿಸುವುದನ್ನು ಬಂದವರು ನೋಡಿ ನಗುತ್ತಾರೆ, ಅದಕ್ಕೆ ನೀನು ಬಂದಾಗಲೂ ನಾವಿಬ್ಬರೂ ಕೈ ಕಟ್ಟಿಕೊಂಡೇ ಇದ್ದೆವು.

ಸಾಲೆಯ ವಿಷಯ. ಮಲಗಿದಲ್ಲೇ ವಿಚಾರ ಮಾಡಿ ನಿನ್ನ ಅಣ್ಣ, “ನಾಳಿ ನಮಗೇನಾರ ಆದ್ರ ಈಕಿ ಕೈ ಯಾರಿಗೆ ತಿಳೀತದ? ಕಳಸೂಣು” ಅಂದರು. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ.

ಕಲ್ಯಾಣಮ್ಮ


ಸೊಲ್ಲಾಪುರ
28 ನವೆಂಬರ್ 1974

ವೈನಿ,

ದ್ರೌಪದಿ ಚೆನ್ನಾಗಿದ್ದಾಳೆ. ನಸುಗೆಂಪು ಫ್ರಾಕು ಹೊಲಿಸಿದ್ದೇನೆ. ಸಾಲೆ ದೂರವಿಲ್ಲ, ನಾನೇ ಬಿಟ್ಟು ಕರೆದುಕೊಂಡು ಬರುತ್ತೇನೆ. ಕನ್ನಡಿಯ ಮುಂದೆ ಕೂರಿಸಿ, ಗಂಟಲ ಮೇಲೆ ಕೈ ಇಡಿಸಿ ಕಲಿಸುತ್ತಾರೆ. ಮೊನ್ನೆ ನೀರಿಗೆ ‘ಪಾಣೀ’ ಎಂಬಂಥ ಒಂದು ಸ್ವರ ಹೊರಟಿತು. ನಮ್ಮ ಮನೆಯವರು ಪೇಢೆ ತಂದರು. ಊಟ ಸರಿಯಾಗಿ ಮಾಡುತ್ತಾಳೆ. ಹಠವಿಲ್ಲ, ಗಲಾಟೆಯಿಲ್ಲ, ಬಹಳ ಶಾಂತಳಾಗಿದ್ದಾಳೆ.

ಅಣ್ಣನ ಕಾಲು ಹೇಗಿದೆ?

ಸುಮಿತ್ರಾ


ವಾಗದರಿ
12 ಡಿಸೆಂಬರ್ 1974

ಸುಮಿತ್ರಾ,

ಫ್ರಾಕಿನ ಬಣ್ಣ ಬರೆದೆ, ಪೇಢೆ ಬರೆದೆ. ಅವಳು ನಿನಗೆ ಏನು ಹೇಳಿದಳು ಎಂದು ಒಂದು ಅಕ್ಷರ ಬರೆಯಲಿಲ್ಲ.

ದ್ರೌಪದಿ ಶಾಂತಳಲ್ಲ. ಹುಟ್ಟಿದಾಗಿನಿಂದ ಒಂದು ದಿನ ಶಾಂತಳಾಗಿ ಇದ್ದವಳಲ್ಲ. ನೀನು ಬರೆದದ್ದು ಯಾರ ಮಗುವಿನ ಸುದ್ದಿ?

ಕಲ್ಯಾಣಮ್ಮ


ಸೊಲ್ಲಾಪುರ
6 ಜನವರಿ 1975

ವೈನಿ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಧೈರ್ಯವಾಗಲಿಲ್ಲ.

ಸಾಲೆಯಲ್ಲಿ ಕೈ ಆಡಿಸಬಾರದು. ಆಡಿಸಿದರೆ ಮೇಜಿನ ಮೇಲೆ ಪಟ್ಟಿ ಬಡಿದು ‘ಹಾತ್ ಖಾಲೀ’ ಎನ್ನುತ್ತಾರೆ, ಕೈ ಕೆಳಗೆ ಎಂದು. ಮಕ್ಕಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಕಲಿಸುವ ಅಕ್ಕೋರು ಕೆಟ್ಟವರಲ್ಲ. ನನಗೆ ಚಹಾ ಕೊಟ್ಟು ಸಮಾಧಾನದಿಂದ ಹೇಳಿದರು, ಕೈಗೆ ರೂಢಿಯಾದರೆ ನಾಲಗೆ ಸೋಮಾರಿಯಾಗುತ್ತದೆ ಎಂದು. ನಾನು ನಂಬಿದೆ.

ಈಗ ದ್ರೌಪದಿ ನಮ್ಮ ಮನೆಯಲ್ಲೂ ಕೈ ತೊಡೆಯ ಕೆಳಗೆ ಇಟ್ಟೇ ಕೂರುತ್ತಾಳೆ. ತಾಟು ಮುಂದಿಟ್ಟರೆ, ನಾನು ಮೊಣಕೈ ಮುಟ್ಟಿ ಬಿಡಿಸುವ ತನಕ ತೆಗೆಯುವುದಿಲ್ಲ. ಊಟ ಸರಿಯಾಗಿ ಮಾಡುತ್ತಾಳೆಂದು ಬರೆದದ್ದು ಸುಳ್ಳು. ನಿನ್ನೆ ನಾನು ಬರೆದ ‘ಅವ್ವ’ನ ಚಿತ್ರ ತೋರಿಸಿದೆ. ತಿರುಗಿಸಿ ಬೋರಲು ಇಟ್ಟಳು.

ನಮ್ಮ ಮನೆಯವರು, “ವೈನಿನ್ನ ಕರಸು. ಇದು ನಿನ್ನ ನಕ್ಷಾದ ಕೆಲಸ ಅಲ್ಲ” ಅಂದರು. ಬೇಗ ಬರ್ರಿ.

ಸುಮಿತ್ರಾ


ವಾಗದರಿ
3 ಫೆಬ್ರುವರಿ 1975

ಸುಮಿತ್ರಾ,

ದ್ರೌಪದಿಯನ್ನು ಕರೆದೊಯ್ಯಲು ಬಂದಾಗ ನಿನ್ನ ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ, ನಿನ್ನ ಯಜಮಾನರು ಮಲಕಾಜಪ್ಪನವರು ಎದುರಿಗಿದ್ದರು. ಈಗ ಬರೆಯುತ್ತೇನೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು, ಕೈ ತೊಡೆಯ ಕೆಳಗೆ. ನಾನು ಅವಳ ಮುಂದೆ ಕೈಯಾಡಿಸಿದರೆ ಯಾರಾದರೂ ನೋಡಿಯಾರೆಂದು ಬೆದರಿ ನನ್ನ ಕೈಯನ್ನೇ ಹಿಡಿದು ಕೆಳಗೆ ಮಾಡಿದಳು. ನನ್ನ ಕೈ, ಸುಮಿತ್ರಾ. ವಳಸಂಗದಲ್ಲಿ ಬಸ್ಸು ನಿಂತಿತು. ನಾನು ಎದ್ದು ನಿಂತೆ. ತುಂಬಿದ ಬಸ್ಸಿನಲ್ಲಿ, ಎಲ್ಲರೂ ನೋಡಲಿ ಎಂದು ಎರಡೂ ಕೈ ಎತ್ತಿ ದೊಡ್ಡದಾಗಿ ಹೇಳಿದೆ: ನೀನು, ನಾನು, ಮನೆ, ಎಮ್ಮೆ ಕರು ಹಾಕಿದೆ, ಕರುವಿನ ಹಣೆಯ ಮೇಲೆ ಬಿಳಿ. ಕಂಡಕ್ಟರ, “ಏನ್ರೀ ಬಾಯಿ, ಏನಾಗೇದ?” ಅಂದ. “ಮಗಳ ಕೂಡ ಮಾತಾಡಾಕತ್ತೀನಿ” ಅಂದೆ. ದ್ರೌಪದಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ನಿಧಾನಕ್ಕೆ ಒಂದು ಕೈ ತೆಗೆದು ಕೇಳಿದಳು, ಕರು ಹೆಣ್ಣೋ ಗಂಡೋ ಎಂದು. ಅಕ್ಕಲಕೋಟೆಯವರೆಗೂ ನಿಲ್ಲಿಸಲಿಲ್ಲ.

ಇಷ್ಟು ದಿನ ಮಂದಿ ಮುಂದೆ ಕೈ ಕಟ್ಟಿಕೊಂಡವಳು ನಾನು. ಇನ್ನು ಕಟ್ಟುವುದಿಲ್ಲ.

ಅವಳು ಮತ್ತೆ ಆ ಸಾಲೆಗೆ ಬರುವುದಿಲ್ಲ. ನಿನ್ನ ಚಿತ್ರಗಳನ್ನೂ ಕಳಿಸಬೇಡ. ಕಳೆದ ಆಗಸ್ಟಿನಲ್ಲಿ ನಾನು ಬರೆದ ಕಾಗದದಲ್ಲಿ ನೀನು ಸಾಲೆಗೆ ಕಳಿಸುವ ಕೊನೆಯ ಮಾತು ಮಾತ್ರ ಓದಿದೆ, ಅವಳ ಕೈಮಾತು ಓದಲಿಲ್ಲ.

ಇದರ ಕೆಳಗೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಓದಲು ಹೋಗಬೇಡ.

ಕಲ್ಯಾಣಮ್ಮ


ಸೊಲ್ಲಾಪುರ
15 ಮಾರ್ಚ್ 1975

ವೈನಿ,

ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಓದಿದೆ. ಹೆತ್ತವಳಾಗಿದ್ದರೆ ತಿಳಿಯುತ್ತಿತ್ತು ಎಂದು ಬರೆದಿದ್ದೀರಿ. ಇರಬಹುದು. ಅದನ್ನು ನಾನು ಸರಿಮಾಡಲಾರೆ. ಇನ್ನೊಂದನ್ನು ಸರಿಮಾಡಬಲ್ಲೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿನ್ನು ಭಾಷೆ ಮಾಡುವುದಿಲ್ಲ. ಭಾಷೆ ಇದೆ, ನೀವಿಬ್ಬರೂ ಮಾಡಿದ್ದೀರಿ. ಅದಕ್ಕೆ ಲಿಪಿಯಿಲ್ಲ. ನೀವು ಎದುರಿಗಿಲ್ಲದಾಗ ನಿಮ್ಮ ಮಗಳು ನಿಮಗೆ ಏನನ್ನೂ ಹೇಳಲಾರದೆ ಹೋದಳು. ನನ್ನ ಮನೆಯಿಂದ ಒಂದು ಕಾರ್ಡು ಬರೆಯಲು ಬಂದಿದ್ದರೆ, ಮೊದಲ ವಾರವೇ ನೀವು ಬಂದು ಕರೆದುಕೊಂಡು ಹೋಗುತ್ತಿದ್ದಿರಿ. ಈ ಮಾತು ನನ್ನನ್ನು ಬಿಡುತ್ತಿಲ್ಲ.

ಹೀಗೆ ಯೋಚಿಸಿದ್ದೇನೆ. ನಮ್ಮ ಕನ್ನಡ ಅಕ್ಷರವನ್ನೇ ನೋಡಿರಿ. ನಡುವೆ ಅಕ್ಷರದ ಒಡಲು, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಹಾಗೆಯೇ ಒಂದು ಚೌಕಳಿಯ ಒಡಲಲ್ಲಿ ಕೈಯ ಆಕಾರ ಬರೆಯೋಣ: ಮುಷ್ಟಿ, ಅಂಗೈ, ಒಂದು ಬೆರಳು. ಕೈ ಎತ್ತ ಚಲಿಸುತ್ತದೆ ಎಂಬುದು ಕೆಳಗೆ ಒತ್ತಾಗಲಿ. ಮುಖ ಏನು ಮಾಡುತ್ತದೆ ಎಂಬುದು ಮೇಲೆ ತಲೆಕಟ್ಟಾಗಲಿ. ಹುಬ್ಬು ಏರಿದರೆ ತಲೆಕಟ್ಟೂ ಏರಲಿ.

ನಾನು ಮಾಡಿದ ವಿಭಕ್ತಿಗಳು ಬೇಡವಾದವು. ಆದರೆ ‘ಅಪ್ಪನಿಗೆ’, ‘ಅಪ್ಪನಿಂದ’ ಎಂಬುದನ್ನು ಅವಳು ಹೇಗೆ ಹೇಳುತ್ತಾಳೆ? ‘ನಾಳೆ’ ಎಲ್ಲಿದೆ, ‘ನಿನ್ನೆ’ ಎಲ್ಲಿದೆ? ನೀವು ಹೇಳದಿದ್ದರೆ ನನಗೆ ಇನ್ನಾರೂ ಹೇಳಲಾರರು. ನೀವು ಉತ್ತರ ಕೊಡದಿದ್ದರೂ ನಾನು ಬರೆಯುತ್ತಲೇ ಇರುತ್ತೇನೆ.

ಸುಮಿತ್ರಾ


ವಾಗದರಿ
20 ಮೇ 1975

ಸುಮಿತ್ರಾ,

ಎರಡು ತಿಂಗಳು ಸಿಟ್ಟಿನಲ್ಲಿದ್ದೆ. ನೀನು ಮೂರು ಕಾಗದ ಹಾಕಿದೆ. ಮೂರರಲ್ಲೂ ಒಂದೇ ಪ್ರಶ್ನೆ. ನಿನ್ನ ಅಣ್ಣ, “ಈ ಖಟಪಟಿ ನಿಲ್ಲೂದಿಲ್ಲ, ಉತ್ತರ ಕೊಟ್ಟು ಬಿಡು” ಅಂದರು. ಕಾಲು ಚಾಚಿಕೊಂಡು ಮಲಗಿದ್ದ ದಿನಗಳಲ್ಲಿ ಕರೆದರೆ ಕೇಳದ ಮಗಳಿಂದ ನೀರು ತರಿಸಿಕೊಳ್ಳಲು ಅವರೂ ಕೈ ಕಲಿತಿದ್ದಾರೆ. ಈಗ ಬೈಯುವುದೂ ಕೈಯಲ್ಲೇ.

ಕೇಳು. ವಿಭಕ್ತಿ ಅವಳಿಗೆ ಬೇಕಾಗುವುದಿಲ್ಲ, ಜಾಗ ಬೇಕು. ಅಪ್ಪನನ್ನು ಒಂದು ಸಲ ಬಲಕ್ಕೆ ನಿಲ್ಲಿಸಿದರೆ ಮಾತು ಮುಗಿಯುವ ತನಕ ಅಪ್ಪ ಅಲ್ಲೇ ಇರುತ್ತಾನೆ. ಅಲ್ಲಿಂದ ಹೊರಟರೆ ‘ಅಪ್ಪನಿಂದ’, ಅಲ್ಲಿಗೆ ಹೋದರೆ ‘ಅಪ್ಪನಿಗೆ’. ನಿನ್ನೆ ಹೆಗಲ ಹಿಂದೆ ಇದೆ, ನಾಳೆ ಮೂಗಿನ ಮುಂದೆ.

ನೀನು ಕಳಿಸಿದ ಲಿಪಿಯ ಹಾಳೆಯಲ್ಲಿ ಒಂದು ದೊಡ್ಡ ತಪ್ಪಿದೆ. ಇಲ್ಲ ಎನ್ನುವುದಕ್ಕೆ ಒಂದೇ ಗುರುತು ಮಾಡಿದ್ದೀ. ಅವಳಿಗೆ ನಾಲ್ಕಿವೆ, ನಮಗೂ ನಾಲ್ಕಿವೆಯಲ್ಲ. ಡಬ್ಬಿಯಲ್ಲಿ ಬೆಲ್ಲ ಇಲ್ಲ ಎಂದರೆ ಅಂಗೈ ಮಗುಚುತ್ತಾಳೆ. ಇದು ನಮ್ಮ ಎಮ್ಮೆ ಅಲ್ಲ ಎಂದರೆ ಬೆರಳು ಆಡಿಸುತ್ತಾಳೆ. ಬ್ಯಾಡ ಎಂದರೆ ಅಂಗೈಯಿಂದ ನೂಕುತ್ತಾಳೆ. ಒಲ್ಲೆ ಎಂದರೆ ಕೈಯೇ ಇಲ್ಲ, ಹೆಗಲು ತಿರುಗಿಸಿ ಗಲ್ಲ ಎತ್ತುತ್ತಾಳೆ. ನಿನ್ನ ಗುರುತಿನಲ್ಲಿ ಬರೆದರೆ, ಊಟ ಒಲ್ಲೆ ಎಂದದ್ದು ಊಟ ಇಲ್ಲ ಎಂದಾಗುತ್ತದೆ. ಓದಿದವರು ನಾವು ಅವಳನ್ನು ಉಪವಾಸ ಕೆಡವಿದ್ದೇವೆ ಅಂದುಕೊಂಡಾರು.

ಕೈಯೇ ಇಲ್ಲದ ಮಾತನ್ನು ಹೇಗೆ ಬರೆಯುತ್ತೀ? ಖಾಲಿ ಚೌಕಳಿ ಹಾಕಿ ತಲೆಕಟ್ಟು ಮಾತ್ರ ಬರೆ ಎಂದು ನನಗನಿಸುತ್ತದೆ.

ಹೊಡೆದು ಹಾಕಿದ ಸಾಲು ನಾನು ಬರೆಯಬಾರದಿತ್ತು.

ಕಲ್ಯಾಣಮ್ಮ


ಸೊಲ್ಲಾಪುರ
11 ಆಗಸ್ಟ್ 1976

ವೈನಿ,

ದ್ರೌಪದಿ ಮೊನ್ನೆ ನಮ್ಮ ಲಿಪಿಯಲ್ಲಿ ಬರೆದ ಕಾಗದವನ್ನು, ಕೆಳಗೆ ನೀವು ಹಾಕುವ ಕನ್ನಡದ ಸಹಾಯವಿಲ್ಲದೆ ಓದಿದೆ. ಅಣ್ಣ ಹೊಸ ರುಮಾಲು ತಂದದ್ದು, ಅದು ಎಮ್ಮೆಯ ಸಗಣಿಯಲ್ಲಿ ಬಿದ್ದದ್ದು, ಎಲ್ಲ ತಿಳಿದು ಒಬ್ಬಳೇ ನಕ್ಕೆ. ಒಂದು ವರ್ಷದ ಹಿಂದೆ ಇದೇ ಮಾತಿಗೆ ಅರ್ಧ ದಿನ ಹಿಡಿಯುತ್ತಿತ್ತು.

ಆದರೆ ಅಣ್ಣ ಎಂದೋ ಕೇಳಿದ ಪ್ರಶ್ನೆ ನನ್ನಲ್ಲಿ ಉಳಿದಿದೆ. ಓದುವವರು ನಾವು ಮೂವರೇ ಆದರೆ ಅದು ಭಾಷೆ ಹೇಗಾದೀತು? ಅಂಗಡಿಗೆ ಬೋರಾಮಣಿಯ ಲೀಲಾಬಾಯಿ ಎಂಬವರು ಬಂದಿದ್ದರು. ಜೊತೆಗೆ ಮಗಳು ಸಕ್ಕು, ಹದಿಮೂರು ವರ್ಷದವಳು. ಚಾದರ ತೋರಿಸುವಾಗ ಆ ಹುಡುಗಿ ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನನ್ನ ಕೈಯಲ್ಲಿದ್ದ ಚಾದರ ಜಾರಿತು. ಅವಳಿಗೂ ಕಿವಿ ಕೇಳುವುದಿಲ್ಲ.

ಜೋಳದ ಸುಗ್ಗಿಗೆ ಮೊದಲು ಅವಳನ್ನು ವಾಗದರಿಗೆ ಕಳಿಸಲು ತಾಯಿ ಒಪ್ಪಿದ್ದಾರೆ. ನೀವು ಇಟ್ಟುಕೊಳ್ಳುತ್ತೀರಾ? ದ್ರೌಪದಿಯನ್ನೂ ಕೇಳಿರಿ.

ಸುಮಿತ್ರಾ


ವಾಗದರಿ
4 ಡಿಸೆಂಬರ್ 1976

ಸುಮಿತ್ರಾ,

ಮೊದಲು ಕೆಟ್ಟ ಸುದ್ದಿ ಬರೆಯುತ್ತೇನೆ. ಸಕ್ಕು ಬಂದ ಹೊಸದರಲ್ಲಿ ಒಬ್ಬರ ಕೈಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ. ಸಕ್ಕುವಿನ ‘ನೀರು’ ಬೇರೆ, ‘ಅವ್ವ’ ಬೇರೆ. ನಮ್ಮವಳು ‘ಅವ್ವ’ ಎನ್ನಲು ಮೂಗಿನ ನತ್ತು ಮುಟ್ಟುತ್ತಾಳೆ. ಸಕ್ಕುವಿನ ತಾಯಿ ನತ್ತು ಹಾಕುವುದಿಲ್ಲ. ಕುಂಕುಮ ಮುಟ್ಟಬೇಕು ಎಂದು ಅವಳ ವಾದ. ಜಗಳವಾಡಿದರು. ಬೆನ್ನು ತಿರುಗಿಸಿ ಕೂತರು. ಇವರಲ್ಲಿ ಬೆನ್ನು ತಿರುಗಿಸಿದರೆ ಮಾತೇ ಮುಗಿಯಿತು. ನಾನು ನಡುವೆ ಹೋಗಿ ಸಕ್ಕುವಿಗೆ ನಮ್ಮ ಮನೆಯ ಕೈ ಕಲಿಸಲು ನೋಡಿದೆ. ದ್ರೌಪದಿಯೇ ನನ್ನನ್ನು ನೂಕಿ ಹೊರಗೆ ಕಳಿಸಿದಳು.

ಆಮೇಲೆ ಅವರೇ ಹೊಂದಿಸಿಕೊಂಡರು. ನೀರು ಸಕ್ಕುವಿನದು ಉಳಿಯಿತು, ರೊಟ್ಟಿ ನಮ್ಮದು. ಅವ್ವನಿಗೆ ಎರಡೂ ಬಿಟ್ಟು ಹೊಸದು ಮಾಡಿದರು, ಎದೆಯ ಮೇಲೆ ಅಂಗೈ. ಲಿಪಿಯನ್ನೂ ಬಿಡಲಿಲ್ಲ. ನಿನ್ನ ಚೌಕಳಿಯ ನಾಲ್ಕು ಗೆರೆ ಬರೆಯಲು ಹೊತ್ತು ಹಿಡಿಯುತ್ತದೆಂದು ಗೆರೆ ತೆಗೆದುಹಾಕಿ ಕೆಳಗೊಂದೇ ಅಡ್ಡಗೆರೆ ಉಳಿಸಿದ್ದಾರೆ. ನಿನಗೆ ಕೆಡುಕೆನಿಸಬಹುದು. ನೋಡಿದರೆ ಈಗ ಕೈಬರಹದಂತೆ ಓಡುತ್ತದೆ.

ಈಗ ನನ್ನ ಮಾತು. ನಿನ್ನೆ ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಕೈ ಅಷ್ಟು ಬೇಗ ಆಡುತ್ತಿದ್ದವು, ನನಗೆ ಅರ್ಧವೂ ತಿಳಿಯಲಿಲ್ಲ. ಹನ್ನೆರಡು ವರ್ಷ ಅವಳ ಒಂದೊಂದು ಬೆರಳೂ ನನಗೆ ತಿಳಿಯುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದೆ. ಸಕ್ಕು ಏನೋ ಅಂದಳು, ದ್ರೌಪದಿ ಹೊಟ್ಟೆ ಹಿಡಿದು ನಕ್ಕಳು. ಏನೆಂದು ಕೇಳಿದೆ. ‘ಆಮೇಲೆ’ ಅಂದಳು. ಮಗಳಿಂದ ಆ ಮಾತು ಕೇಳಿಸಿಕೊಂಡ ಮೊದಲ ಸಲ ಇದು.

ಸಂಜೆ ಹೊಸ ಕೈಗಳನ್ನು ಕಲಿಸು ಎಂದು ಅವಳ ಮುಂದೆ ಕೂತೆ. ಮೆಲ್ಲಗೆ ಕಲಿಯುತ್ತೇನೆ, ಬಿಡುವುದಿಲ್ಲ.

ಕಲ್ಯಾಣಮ್ಮ


ವಾಗದರಿ
27 ಫೆಬ್ರುವರಿ 1978

(ಸುಮಿತ್ರಾ, ಇದು ದ್ರೌಪದಿಯ ಕಾಗದ. ಅವಸರದಲ್ಲಿ ಬರೆದಿದ್ದಾಳೆ, ನಿನಗೆ ತೊಡಕಾದೀತೆಂದು ಕೆಳಗೆ ಕನ್ನಡ ಹಾಕಿದ್ದೇನೆ. ಅವಳು ಹೇಳಿದ ಸಾಲಿನಲ್ಲೇ ಬರೆದಿದ್ದೇನೆ, ನನ್ನದು ಏನೂ ಸೇರಿಸಿಲ್ಲ. ಕ.)

ಅತ್ತೆ, ಅಲ್ಲಿ. ನಾನು, ಇಲ್ಲಿ. ಅತ್ತೆಯ ಕಾಗದ, ಅಲ್ಲಿಂದ ಇಲ್ಲಿಗೆ, ಬಂತು. ಓದಿದೆ. ತಪ್ಪು ಇದೆ.

ಬೇಸಿಗೆ, ದ್ರೌಪದಿ, ಸೊಲ್ಲಾಪುರಕ್ಕೆ ಬರುವುದು. ಅತ್ತೆ ಬರೆದದ್ದು ಇದು. ತಲೆಕಟ್ಟು ಚಪ್ಪಟೆ. ಚಪ್ಪಟೆ ಎಂದರೆ ಹೇಳಿದ್ದು, ಪ್ರಶ್ನೆ ಕೇಳಿದ್ದಲ್ಲ. ಕೇಳುವುದಾದರೆ ತಲೆಕಟ್ಟು ಮೇಲೆ. ತಿದ್ದಿದ್ದೇನೆ. ತಿದ್ದಿದ ಮೇಲೆ ಉತ್ತರ ಬರೆದೆ.

ಉತ್ತರ: ಈ ಬೇಸಿಗೆ ಬರುವುದಿಲ್ಲ. ಸಿಟ್ಟು ಇಲ್ಲ. ಕೆಲಸ ಇದೆ.

ಬೋರಾಮಣಿ, ಅಲ್ಲಿ. ಸಕ್ಕುವಿನ ಮನೆ. ಸಕ್ಕು ಕಾಗದ ಬರೆದಳು, ನನಗೆ: ಅವಳ ಊರು, ಇನ್ನೊಬ್ಬ ಹುಡುಗಿ, ಕಿವಿ ಇಲ್ಲ. ಆಚೆ ಊರು, ಅಣ್ಣ ತಂಗಿ, ಇಬ್ಬರಿಗೂ ಕಿವಿ ಇಲ್ಲ. ತಂಗಿ ಸಣ್ಣವಳು, ಇಷ್ಟು. ಕೈ ಕಟ್ಟಿ ಕೂತಿದ್ದಾಳೆ, ಮನೆಯವರು ಬೈಯುತ್ತಾರೆ. ಸಕ್ಕು ಕೇಳಿದಳು, ತಲೆಕಟ್ಟು ಬಹಳ ಮೇಲೆ: ಬರುತ್ತೀಯಾ?

ಅಪ್ಪ, ಬ್ಯಾಡ. ಅವ್ವ, ಸುಮ್ಮನೆ. ನಾನು, ಅಪ್ಪನ ಮುಂದೆ, ದಿನ ದಿನ ದಿನ, ಹೇಳಿದೆ. ಅಪ್ಪ ಕೊನೆಗೆ, ಹೋಗು, ಅವ್ವನ ಜೊತೆ. ಅವ್ವ ಗಂಟು ಕಟ್ಟಿದಳು, ಮೊದಲೇ ಕಟ್ಟಿದ್ದಳು.

ಅಲ್ಲಿ ಅವರ ಕೈ ಬೇರೆ ಇರುತ್ತದೆ. ನನ್ನದು ಬೇರೆ, ಸಕ್ಕುವಿನದು ಬೇರೆ ಇತ್ತು, ಗೊತ್ತು. ಜಗಳ ಆಗುತ್ತದೆ. ಆಗಲಿ. ಮೊದಲು ಅವರ ಕೈ ನೋಡುತ್ತೇನೆ. ಆಮೇಲೆ ಹೇಳುತ್ತೇನೆ. ಬರೆಯುವುದು ಕಡೆಗೆ.

ಕಾಗದ ಬೇಕು, ಬಹಳ. ಮಾಮಾ ಅಂಗಡಿಯಿಂದ ಕೊಡಲಿ.

ಅತ್ತೆಯ ಬರಹ ಚಂದ, ನಿಧಾನ. ಓದುವುದು ಚಲೋ. ಮಾತಾಡುವಾಗ ಅತ್ತೆಯ ಕೈ ಕಟ್ಟಿಗೆ. ಮನೆಯಲ್ಲಿ ಒಬ್ಬಳೇ ಕೂತರೆ ಕಟ್ಟಿಗೆಯೇ ಇರುತ್ತದೆ.

ಬೋರಾಮಣಿಗೆ ಬಸ್ಸು ಇದೆ. ಅತ್ತೆ ಬರುತ್ತಾಳಾ?

ಬಂದರೆ, ಸಣ್ಣವಳ ಪಕ್ಕದಲ್ಲಿ ಜಾಗ. ಇಬ್ಬರಿಗೂ ಒಟ್ಟಿಗೆ ಕಲಿಸುತ್ತೇನೆ.